ಒಡೆಯನ ಹೊಣೆ

ಒಬ್ಬನು ಒಂದು ಕಾರ್ಯವನ್ನು ತಾನೇ ಮಾಡಿದರೆ ಅದರ ಪಾಪಪುಣ್ಯಗಳು ಅವನಿಗೇ ಸೇರತಕ್ಕವು ಎಂಬದರಲ್ಲಿ ಯಾರಿಗೂ ಸಂಶಯವಿಲ್ಲ. ಅದೇ ಕಾರ್ಯವನ್ನು ಅವನು ಮತ್ತೊಬ್ಬನ ಕೈಯಿಂದ ಮಾಡಿಸಿ, ಆ ಮತ್ತೊಬ್ಬನು ಮೂರನೆಯವನಿಗೆ ಒಪ್ಪಿಸಿದರೆ, ನಡುವೆ ಘಟಿಸಿದ ಅನ್ಯಾಯವು ಯಾರ ಪಾಲಿಗೆ ಹೋಗುವದು? ಪ್ರಶ್ನೆಯು ಹಳೆಯದು; ದೊಡ್ಡ ಕಾರಖಾನೆಗಳ ಈ ಕಾಲದಲ್ಲಿ ಅದು ಹೊಸ ವೇಷ ತೊಟ್ಟು ಬಂದಿರುವದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಹಿಂದಿನ ರಾಶಿಯ ಕಾಲವನ್ನು ಹಿರಿಯರು ನೆನೆಯುವದುಂಟು. ಬಿಳಿಜೋಳದ ರಾಶಿಯು ಇನ್ನೂ ಕಣದಲ್ಲಿರುವಾಗಲೇ ಬಡಿಗನೂ ಕಂಬಾರನೂ ಉಳಿದ ಆಯಗಾರರೂ ಬಂದು ತಮ್ಮ ಆಯವನ್ನು ಅಳೆಸಿಕೊಂಡು ಹೋಗುತ್ತಿದ್ದರು. ಕಾಳು ಹಗೇವಿಗೆ ಇಳಿಯುವ ಮೊದಲೇ ದುಡಿದವರ ಪಾಲು ಬೇರೆಯಾಗತಕ್ಕದ್ದೆಂಬುದು ರೂಢಿ. ಆ ವ್ಯವಸ್ಥೆಯಲ್ಲಿ ಅನ್ಯಾಯವೇ ಇರಲಿಲ್ಲವೆಂದು ಜೀತದಾಳುಗಳ ಬಾಳನ್ನು ಬಲ್ಲವರಾರೂ ಹೇಳಲಾರರು. ಆದರೆ ಅನ್ಯಾಯವಾದಾಗ ಅದನ್ನು ಮಾಡಿದವನ ಮುಖವು ಕಾಣುತ್ತಿತ್ತು. ಅವನ ಮನೆಯ ಬಾಗಿಲು ಎಲ್ಲಿರುವದೆಂಬುದು ಊರಿಗೆ ಗೊತ್ತಿತ್ತು. ಕಬ್ಬು ಕಡಿಯಲು ಗುಳೆ ಹೋಗುವ ಟೋಳಿಗಳ ಸಂಗತಿಯು ಆಗಲೇ ಬೇರೆ ಬಗೆಯದು. ಅಲ್ಲಿ ಸಕ್ಕರೆ ಕಾರಖಾನೆಗೂ ಕುಡುಗೋಲು ಹಿಡಿದವನಿಗೂ ನಡುವೆ ಮುಕಾದಮನೊಬ್ಬನಿರುವನು. ಕೂಲಿಯ ತಕರಾರು ಬಂದರೆ ಕಾರಖಾನೆಯು ಮುಕಾದಮನ ಕಡೆಗೂ ಮುಕಾದಮನು ಕಾರಖಾನೆಯ ಕಡೆಗೂ ಬೆರಳು ಮಾಡಿ ತೋರಿಸುವದು ಸುಲಭ. ಎರಡೂ ಬೆರಳುಗಳ ನಡುವೆ ನಿಂತವನು ಬರಿಗೈಯಲ್ಲಿ ನಿಂತಿರುತ್ತಾನೆ.

ಈ ಮುಕಾದಮಗಿರಿಯೇ ಹವೆಯನ್ನು ಹದದಲ್ಲಿಟ್ಟ, ಧೂಳಿಲ್ಲದ ಕೋಣೆಗಳೊಳಗೆ ಪ್ರವೇಶಿಸಿದರೆ ಏನಾಗುವದೆಂಬುದನ್ನು ಕೋಲಾರ ಜಿಲ್ಲೆಯ ನರಸಾಪುರವು 2020ರಲ್ಲಿ ತೋರಿಸಿಕೊಟ್ಟಿತು. ಅಲ್ಲಿ ತೈವಾನ ದೇಶದ ವಿಸ್ಟ್ರಾನ್ ಕಂಪನಿಯು ಅಮೇರಿಕದ ಆ್ಯಪಲ್ ಕಂಪನಿಗಾಗಿ ಐಫೋನುಗಳನ್ನು ಜೋಡಿಸುತ್ತಿತ್ತು. ಕೆಲಸಗಾರರಲ್ಲಿ ಬಹುಪಾಲು ಜನರು ವಿಸ್ಟ್ರಾನಿನ ನೌಕರರಲ್ಲ; ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಅಲ್ಪ ಕಾಲದಲ್ಲಿ ಅವರ ಸಂಖ್ಯೆಯು ಸುಮಾರು 5,000ದಿಂದ 10,500ಕ್ಕೆ ಏರಿತೆಂದೂ, ಅಷ್ಟು ಜನರ ಹಾಜರಿ ಪಗಾರಗಳನ್ನು ನೋಡಿಕೊಳ್ಳುವ ಏರ್ಪಾಡು ಅದಕ್ಕೆ ತಕ್ಕಂತೆ ಬೆಳೆಯಲಿಲ್ಲವೆಂದೂ ರಾಜ್ಯದ ಕಾರಖಾನೆಗಳ ಇಲಾಖೆಯ ವಿಚಾರಣೆಯಲ್ಲಿ ಕಂಡುಬಂದಿತು. ಎಂಟು ತಾಸಿನ ಪಾಳಿಯು ಹನ್ನೆರಡು ತಾಸಿನದಾಯಿತು. ತಾಸುಗಳ ಲೆಕ್ಕ ತಪ್ಪಿತು. ಪಗಾರವು ತಡವಾಯಿತು, ಬಂದದ್ದೂ ಕಡಿಮೆಯೆಂಬ ಕೂಗೆದ್ದಿತು. ಡಿಸೆಂಬರ್ 12ರ ಬೆಳಗಿನಲ್ಲಿ, ರಾತ್ರಿಪಾಳಿಯು ಮುಗಿಯುವ ಹೊತ್ತಿಗೆ, ಆ ಕೂಗು ಗಾಜು ಒಡೆಯುವ ಸಪ್ಪಳವಾಗಿ ಪರಿಣಮಿಸಿತು.

ಒಡೆದದ್ದು ತಪ್ಪು. ಇದನ್ನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳುವದು ಸಲ್ಲದು. ಬಾಕಿ ಬರತಕ್ಕ ಪಗಾರವು ಯಂತ್ರವನ್ನು ಮುರಿಯುವ ಹಕ್ಕನ್ನು ಯಾರಿಗೂ ಕೊಡುವದಿಲ್ಲ. ಆದರೆ ತಪ್ಪಿಗೂ ತಪ್ಪಿಗೂ ಸಿಕ್ಕ ಸತ್ಕಾರದಲ್ಲಿಯ ಭೇದವನ್ನು ವಿಚಾರವಂತರು ಗಮನಿಸಬೇಕು. ಕೆಲವೇ ದಿನಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಜನರ ಬಂಧನವಾಯಿತು. ಹಾನಿಯು 437 ಕೋಟಿ ರೂಪಾಯಿಯದೆಂದು ಮೊದಲು ದೂರು ಹೋಯಿತು. ಅದೇ ಕಂಪನಿಯು ತೈವಾನದ ಶೇರುಪೇಟೆಗೆ ತಿಳಿಸಿದ ಮೊತ್ತವು ಸುಮಾರು 26ರಿಂದ 52 ಕೋಟಿ ಮಾತ್ರ. ಪೊಲೀಸರ ಮುಂದೆ ಒಂದು ಲೆಕ್ಕ, ಪಾಲುದಾರರ ಮುಂದೆ ಒಂದು ಲೆಕ್ಕ! ಕೂಲಿಕಾರನೊಬ್ಬನು ತನ್ನ ತಾಸುಗಳನ್ನು ಹೀಗೆ ಎಂಟುಪಟ್ಟು ಹಿಗ್ಗಿಸಿ ಬರೆಸಿದ್ದರೆ ಅದಕ್ಕೆ ಯಾವ ಹೆಸರು ಬರುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಿಸೆಂಬರ್ 19ರಂದು ಆ್ಯಪಲ್ ಕಂಪನಿಯು ತನ್ನ ಮಾತನ್ನು ಹೊರಪಡಿಸಿತು. ಕೆಲಸದ ತಾಸುಗಳ ನಿರ್ವಹಣೆಯಲ್ಲಿ ವಿಸ್ಟ್ರಾನ್ ತನ್ನ ನಿಯಮಾವಳಿಯನ್ನು ಮೀರಿದೆ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕೆಲವರ ಪಗಾರವು ತಡವಾಗಿದೆ. ದೋಷಗಳು ತಿದ್ದಲ್ಪಡುವವರೆಗೆ ಹೊಸ ಕೆಲಸ ಕೊಡಲಾಗದು ಎಂಬುದು ಅದರ ಸಾರ. ವಿಸ್ಟ್ರಾನ್ ಕೂಡ ಕೆಲಸಗಾರರ ಕ್ಷಮೆ ಬೇಡಿ, ಭಾರತದ ವ್ಯವಹಾರವನ್ನು ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆದುಹಾಕಿತು. ಇಷ್ಟನ್ನು ಮನ್ನಿಸಲೇಬೇಕು, ಎಷ್ಟೋ ಒಡೆಯರು ಇಷ್ಟನ್ನೂ ಮಾಡುವದಿಲ್ಲ. ಆದರೂ ಒಂದು ಮಾತುಂಟು. ಕೊಳ್ಳುವವನೇ ನಿಯಮ ಬರೆದು, ಅವನೇ ತನಿಖೆ ಮಾಡಿ, ಅವನೇ ಶಿಕ್ಷೆ ವಿಧಿಸುವ ಈ ನ್ಯಾಯಸ್ಥಾನದಲ್ಲಿ ಆ ಕೊಳ್ಳುವವನ ಮೇಲಿನ ಫಿರ್ಯಾದನ್ನು ಕೇಳುವವರಾರು? ಇಷ್ಟು ದಿನಗಳಲ್ಲಿ ಇಷ್ಟು ಫೋನುಗಳು ಬೇಕೆಂಬ ಅವಸರವು ಕೊಳ್ಳುವವನಿಂದಲೇ ಹೊರಡುವದು. ಆ ಅವಸರವು ಇಳಿಜಾರಿನ ನೀರಿನಂತೆ ಹರಿದು, ಕೊನೆಗೆ ನಿಲ್ಲುವದು ಹನ್ನೆರಡನೆಯ ತಾಸಿನಲ್ಲಿ ತೂಕಡಿಸುವ ಹುಡುಗನ ಕಣ್ಣಿನಲ್ಲಿ.

ಕಂಪನಿಗಳ ಪಕ್ಷವನ್ನು ಹಿಡಿದು ವಾದಿಸುವವರು ಹೇಳುವ ಉತ್ತಮವಾದ ಮಾತೆಂದರೆ, ಇಲ್ಲಿ ಯಾರ ದುರುದ್ದೇಶವೂ ಇರಲಿಲ್ಲ, ಹಾಜರಿಯ ಯಂತ್ರದ ಲೆಕ್ಕ ತಪ್ಪಿತು, ಉದ್ದೇಶವಿಲ್ಲದೆ ಪಾಪವೆಲ್ಲಿಯದು ಎಂಬುದು. ಈ ವಾದವನ್ನು ಹಗುರಾಗಿ ತಳ್ಳಿಹಾಕಲಾಗದು. ಧರ್ಮಶಾಸ್ತ್ರಗಳು ಕೂಡ ಅರಿತು ಮಾಡಿದ್ದಕ್ಕೂ ಅರಿಯದೆ ಮಾಡಿದ್ದಕ್ಕೂ ಬೇರೆ ಬೇರೆ ಪ್ರಾಯಶ್ಚಿತ್ತಗಳನ್ನು ಹೇಳಿವೆ. ಆದರೆ ಅದೇ ಕಾರಖಾನೆಯೊಳಗಿನ ಮತ್ತೊಂದು ಲೆಕ್ಕವನ್ನು ನೋಡಬೇಕು. ಅಲ್ಲಿಂದ ಹೊರಬೀಳುವ ಒಂದೊಂದು ಫೋನಿಗೂ 15 ಅಂಕಿಗಳ ಗುರುತಿನ ಸಂಖ್ಯೆಯುಂಟು. ಜಗತ್ತಿನಲ್ಲಿ ಅದರದು ಅದಕ್ಕೇ. ವಸ್ತುವಿನ ಲೆಕ್ಕದಲ್ಲಿ ಇಷ್ಟು ಎಚ್ಚರವಿರುವವರಿಗೆ ಮನುಷ್ಯನ ತಾಸುಗಳ ಲೆಕ್ಕ ಮಾತ್ರ ಎರಡು ತಿಂಗಳ ಕಾಲ ಹತೋಟಿ ತಪ್ಪಿದರೆ ಅದನ್ನು ಅಸಾಮರ್ಥ್ಯವೆನ್ನುವದು ಹೇಗೆ? ಯಾವುದರ ಮೇಲೆ ಕಣ್ಣಿಡಬೇಕು, ಯಾವುದನ್ನು ಹೇಗಾದರೂ ಆಗಲೆಂದು ಬಿಡಬೇಕು ಎಂಬುದನ್ನು ಯಾರೋ ಆರಿಸಿದ್ದಾರೆ. ಆರಿಸಿದ ಅಲಕ್ಷ್ಯವು ಉದ್ದೇಶದ ತಮ್ಮನೇ.

ಕಂಪನಿಗೆ ಆತ್ಮವಿಲ್ಲ, ಆದುದರಿಂದ ಅದಕ್ಕೆ ನೀತಿಯ ಕಟ್ಟಿಲ್ಲ ಎಂಬ ತರ್ಕವೊಂದುಂಟು. ಲಾಭವನ್ನು ಪಡೆಯುವಾಗ, ಭೂಮಿಯನ್ನು ಕೊಳ್ಳುವಾಗ, ಸರಕಾರದೊಡನೆ ಕರಾರು ಮಾಡುವಾಗ ಅದು ಒಬ್ಬ ವ್ಯಕ್ತಿಯಂತೆ ಮುಂದೆ ಬಂದು ಸಹಿ ಮಾಡುವದು. ಸಹಿ ಮಾಡಲು ಬೇಕಾದಷ್ಟು ವ್ಯಕ್ತಿತ್ವವುಳ್ಳವನಿಗೆ ಸಾಲ ತೀರಿಸುವಷ್ಟು ವ್ಯಕ್ತಿತ್ವವಿಲ್ಲವೆಂದರೆ ಸಂತೆಯಲ್ಲಿ ಯಾವ ವರ್ತಕನೂ ಒಪ್ಪಲಾರನು. ನಮ್ಮ ಕಡೆಯ ಜಾಮೀನಿನ ವ್ಯವಹಾರವೂ ಇದನ್ನೇ ಹೇಳುವದು: ಸಾಲಗಾರನ ಬೆನ್ನಿಗೆ ಇಬ್ಬರು ಜಾಮೀನುದಾರರು ನಿಂತರೆ ಸಾಲವು ಮೂರು ತುಂಡಾಗಿ ಹಗುರಾಗುವದಿಲ್ಲ, ಮೂವರ ಮೇಲೆಯೂ ಪೂರ್ತಿಯಾಗಿ ಕೂಡ್ರುವದು. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯದೆಯು ಇದೇ ತಿಳಿವಳಿಕೆಯ ಮೇಲೆ ನಿಂತಿತ್ತು: ಗುತ್ತಿಗೆದಾರನು ಕೂಲಿಯನ್ನು ಕೊಡದಿದ್ದರೆ ಮುಖ್ಯ ಒಡೆಯನೇ ಕೊಟ್ಟು, ಬಳಿಕ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳತಕ್ಕದ್ದು. ಇನ್ನೂ ಹಿಂದಕ್ಕೆ ಹೋದರೆ, 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೂಲಿ ಕೊಡದವನಿಗೆ ದಂಡ ಹೇಳಿದೆ. ಕಾಯದೆಯು ಮುಖ್ಯ ಒಡೆಯನವರೆಗೆ ಬಂದು ನಿಂತಿತು. ಸಾಗರದಾಚೆಯ ಕೊಳ್ಳುವ ಒಡೆಯನವರೆಗೆ ಹೋಗಲಿಲ್ಲ. ನೀತಿಯಾದರೋ ಕಾಯದೆ ನಿಂತಲ್ಲಿಯೇ ನಿಲ್ಲಬೇಕೆಂಬ ನಿರ್ಬಂಧವಿಲ್ಲ.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ಕಾಯಕದ ಮಾತನ್ನು ಎತ್ತದೆ ಇರುವದು ಸಾಧ್ಯವಿಲ್ಲ. ಆದರೆ ಸಭೆಗಳಲ್ಲಿ ಕಾಯಕವೆಂದೊಡನೆ ದುಡಿಯುವವನಿಗೆ ಇನ್ನಷ್ಟು ದುಡಿಯೆಂದು ಉಪದೇಶಿಸುವದೇ ಬಳಕೆಯಾಗಿಬಿಟ್ಟಿರುವದು. ಇದು ಅರ್ಧ ಕಾಯಕ. ಅಂದಂದಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಹೆಂಡತಿ ಲಕ್ಕಮ್ಮನು ತಡೆದು, ಹೆಚ್ಚಿನದನ್ನು ತಿರುಗಿ ಸುರಿದುಬರಲು ಹೇಳಿದ ಕಥೆಯು ಎಲ್ಲರಿಗೂ ಗೊತ್ತು. ತನಗೆ ಸಲ್ಲದ ಒಂದು ಹಿಡಿಯನ್ನೂ ಮನೆಯಲ್ಲಿ ಇಟ್ಟುಕೊಳ್ಳಬಾರದೆಂಬ ನಿಯಮವು ಬಡ ದಂಪತಿಗಳಿಗಿರುವಷ್ಟೇ ಪರರ ದುಡಿತವನ್ನು ಪಡೆದವನಿಗೂ ಉಂಟು. ಕೊಡದೆ ಉಳಿಸಿಕೊಂಡ ಪಗಾರವು ಅಂಥದೇ ಹೆಚ್ಚಿನ ಅಕ್ಕಿ.

ಇದೆಲ್ಲ ದೂರದ ಕೋಲಾರದ ಮಾತೆಂದು ಈ ನಾಲ್ಕು ತಾಲೂಕಿನವರು ಸುಮ್ಮನಿರುವಂತಿಲ್ಲ. ಐ.ಟಿ.ಐ. ಇಲ್ಲವೆ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಆಸುಪಾಸಿನಲ್ಲಿ ಕೆಲಸ ಹುಡುಕುವ ಹುಡುಗರು ಇಲ್ಲಿಯ ಮನೆಗಳಲ್ಲಿಯೂ ಇದ್ದಾರೆ. 2023ರಲ್ಲಿ ಕರ್ನಾಟಕವು ಕಾರಖಾನೆಗಳ ಕಾಯದೆಯನ್ನು ತಿದ್ದಿ ದಿನಕ್ಕೆ ಹನ್ನೆರಡು ತಾಸುಗಳ ಪಾಳಿಗೆ ದಾರಿ ಮಾಡಿಕೊಟ್ಟಿತು. ಅಂದರೆ ನರಸಾಪುರದಲ್ಲಿ ಗಲಭೆಗೆ ಮುಂಚೆ ಕಾಣಿಸಿಕೊಂಡ ದಿನಮಾನವೇ, ವಾರದ ಮಿತಿಯೊಳಗೆ, ಕಾಯದೆಯ ದಿನಮಾನವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಕಾರಖಾನೆಯನ್ನು 12.5 ಕೋಟಿ ಡಾಲರುಗಳಿಗೆ ಟಾಟಾ ಸಂಸ್ಥೆಗೆ ಮಾರುವ ಒಪ್ಪಂದವಾಯಿತು. ಬಾಗಿಲ ಮೇಲಿನ ಹೆಸರು ಬದಲಾಯಿತು. ಇಂಥ ಕೆಲಸಕ್ಕೆ ಹೊರಟ ಮಗನ ನೇಮಣೂಕಿಯ ಪತ್ರವು ಮನೆಗೆ ಬಂದಾಗ ಓದುಬರಹ ಬಲ್ಲ ಹಿರಿಯರು ಪಗಾರದ ಅಂಕಿಗಿಂತ ಮೊದಲು ಕೆಳಗಿನ ಸಹಿಯನ್ನು ನೋಡಲಿ: ಪತ್ರದ ಮೇಲೆ ಒಂದು ಹೆಸರು, ಕಾರಖಾನೆಯ ಬಾಗಿಲಿನ ಮೇಲೆ ಇನ್ನೊಂದು, ತಯಾರಾದ ಫೋನಿನ ಪೆಟ್ಟಿಗೆಯ ಮೇಲೆ ಮೂರನೆಯದು ಇದ್ದರೆ, ತಾಸುಗಳ ಲೆಕ್ಕ ತಪ್ಪಿದ ದಿನ ಈ ಮೂವರಲ್ಲಿ ಉತ್ತರ ಕೊಡತಕ್ಕವರು ಯಾರೆಂಬುದನ್ನು ಹುಡುಗನು ಊರು ಬಿಡುವ ಮೊದಲೇ ಬರೆದು ಕೇಳಲಿ.