ಸೇವೆಯ ತೃಪ್ತಿ ಯಾರ ಸೊತ್ತು?

ಮಾಡುವ ಕೆಲಸದಲ್ಲಿಯೇ ತೃಪ್ತಿಯನ್ನು ಕಾಣುವವರು ಭಾಗ್ಯಶಾಲಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ತೃಪ್ತಿಯನ್ನೇ ಲೆಕ್ಕಕ್ಕೆ ಹಿಡಿದು, ‘ನಿನಗೆ ಪುಣ್ಯ ದೊರೆಯುತ್ತಿದೆಯಲ್ಲ, ಹಣವೇಕೆ?’ ಎಂದು ಬೇರೊಬ್ಬರು ಕೇಳತೊಡಗಿದಾಗ ಆ ಸದ್ಗುಣದ ಗತಿಯೇನು? ನಮ್ಮ ಹಳ್ಳಿಗಳಲ್ಲಿ ಆರೋಗ್ಯಸೇವೆಯಲ್ಲಿ ತೊಡಗಿರುವ ಹೆಣ್ಣುಮಕ್ಕಳ ವಿಷಯದಲ್ಲಿ ಈ ಪ್ರಶ್ನೆಯು ವಿಶೇಷವಾಗಿ ವಿಚಾರಣೀಯವಾಗಿದೆ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆರಂಭವಾದಾಗ, ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರನ್ನು ಆರಿಸುವ ಏರ್ಪಾಡಾಯಿತು. ಆಕೆ ಅದೇ ಊರಿನವಳಾಗಿರಬೇಕು. ಗರ್ಭಿಣಿಯರನ್ನು ಗುರುತಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವುದು, ಕೂಸುಗಳಿಗೆ ಚುಚ್ಚುಮದ್ದು ಹಾಕಿಸುವುದು, ಕ್ಷಯರೋಗಿಯು ಮಾತ್ರೆ ನುಂಗಿದನೇ ಎಂದು ವಿಚಾರಿಸುವುದು, ಇವೆಲ್ಲ ಆಕೆಯ ಪಾಲಿನವು. ಆದರೂ ಸರ್ಕಾರದ ಕಡತದಲ್ಲಿ ಆಕೆ ನೌಕರಳಲ್ಲ, ಸ್ವಯಂಸೇವಕಿ. ದೊರೆಯುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ತಾಯಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಂದು ಹೋಗಿ, ಕೂಸನ್ನು ತೂಗಿ, ಅದರ ಮೈಬಿಸಿ, ಉಸಿರಾಟಗಳನ್ನು ನೋಡಿ ಬರೆದುಕೊಳ್ಳಬೇಕು. ಈ ಆರು ಭೇಟಿಗಳಿಗೆ ಗೊತ್ತುಮಾಡಿದ್ದ ಮೊತ್ತ 250 ರೂಪಾಯಿ. ಭೇಟಿಯೊಂದಕ್ಕೆ ನಲವತ್ತೆರಡು ರೂಪಾಯಿಯೂ ಬೀಳದು.

ಇಷ್ಟಾದರೂ ಈ ಕೆಲಸದಲ್ಲಿ ತೃಪ್ತಿಯಿಲ್ಲವೆಂದು ಹೇಳಲಾಗದು. ತೂಕವಿಲ್ಲದೆ ಹುಟ್ಟಿದ ಕೂಸು ಮೈತುಂಬಿಕೊಳ್ಳುವುದನ್ನು ವಾರವಾರವೂ ಕಂಡವಳಿಗೆ ಸಿಗುವ ಸಂತೋಷ ಸಾಮಾನ್ಯವಾದುದಲ್ಲ. ಮಹಾರಾಷ್ಟ್ರದ ಜಾಮಖೇಡದಲ್ಲಿ ಡಾ. ರಜನೀಕಾಂತ ಆರೋಳೆ ಮತ್ತು ಡಾ. ಮೇಬೆಲ್ ಆರೋಳೆ ದಂಪತಿಗಳು 1970ರಲ್ಲಿ ಆರಂಭಿಸಿದ ಕಾರ್ಯದಲ್ಲಿ ಅಕ್ಷರ ಬಾರದ ಹಳ್ಳಿಯ ಹೆಂಗಸರೇ ಆರೋಗ್ಯ ಕಾರ್ಯಕರ್ತೆಯರಾದರು. ಅವರು ಆಗಾಗ ಒಂದೆಡೆ ಸೇರಿ, ತಮ್ಮ ಊರಿನ ಸಮಸ್ಯೆಗಳನ್ನು ಮುಂದಿಟ್ಟು ಕಲಿಯುತ್ತಿದ್ದರು. ಊರಿನಲ್ಲಿ ಕಡೆಗಣಿಸಲ್ಪಟ್ಟಿದ್ದ ಹೆಂಗಸಿನ ಮಾತನ್ನು ಊರೇ ಕೇಳುವಂತಾಯಿತು. ತೃಪ್ತಿಯು ಬೆಳೆಯುವುದು ಇಂಥ ಮಣ್ಣಿನಲ್ಲಿ. ಭಾಷಣದಲ್ಲಿ ಹೊದಿಸುವ ಶಾಲಿನಿಂದಲ್ಲ.

ಹಾಗಾದರೆ ಇಷ್ಟು ತೃಪ್ತಿಯುಳ್ಳವರು ಬೀದಿಗಿಳಿದು ಧರಣಿ ಕೂರುವುದೇಕೆಂದು ಕೆಲವರು ಆಕ್ಷೇಪಿಸುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ತನ್ನ ಸಂಗಡಿಗರೊಡನೆ 1959ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಉತ್ತರವಿದೆ. ತೃಪ್ತಿ ಮತ್ತು ಅತೃಪ್ತಿ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲವೆಂದು ಆತನ ವಾದ. ತೃಪ್ತಿಯು ಕೆಲಸದ ಒಳಗಿನಿಂದ, ಸಾಧನೆಯಿಂದ, ಮನ್ನಣೆಯಿಂದ ಬರುತ್ತದೆ; ಅತೃಪ್ತಿಯು ಸಂಬಳ, ಮೇಲ್ವಿಚಾರಣೆ, ಕೆಲಸದ ಪರಿಸ್ಥಿತಿಗಳಿಂದ ಹುಟ್ಟುತ್ತದೆ. ಇಂಜಿನಿಯರರನ್ನೂ ಲೆಕ್ಕಿಗರನ್ನೂ ವಿಚಾರಿಸಿ ಕಂಡುಕೊಂಡ ಈ ಮಾತು ಎಲ್ಲರಿಗೂ ಹಾಗೆಯೇ ಒಪ್ಪುತ್ತದೆಂದು ನಾನು ಹೇಳಲಾರೆ. ಆದರೆ ಒಬ್ಬಳೇ ವ್ಯಕ್ತಿ ತನ್ನ ಕೆಲಸದ ಬಗೆಗೆ ಹೆಮ್ಮೆಯನ್ನೂ ತನ್ನನ್ನು ನಡೆಸಿಕೊಳ್ಳುವ ರೀತಿಯ ಬಗೆಗೆ ನೋವನ್ನೂ ಏಕಕಾಲದಲ್ಲಿ ಹೊಂದಿರಬಲ್ಲಳೆಂಬುದಂತೂ ನಿಜ.

ಹಣ ಕೇಳಿದರೆ ಸೇವೆಯು ವ್ಯಾಪಾರವಾಗುವುದೆಂಬ ಭಯವೂ ಉಂಟು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಿಂಗಳ ಸಂಬಳ ಪಡೆಯುತ್ತಾರೆ. ಅವರ ಸೇವೆ ಕಳಂಕಿತವಾಯಿತೆಂದು ಯಾರೂ ಆಡಿಕೊಳ್ಳುವುದಿಲ್ಲ. ಈ ಧರ್ಮಸೂಕ್ಷ್ಮ ನೆನಪಾಗುವುದು ಎಲ್ಲರಿಗಿಂತ ಕಡಿಮೆ ಪಡೆಯುವ ಹೆಂಗಸು ಕೈಚಾಚಿದಾಗ ಮಾತ್ರ. ಮನೆಯಲ್ಲಿ ಆಕೆಯ ದುಡಿಮೆಗೆ ಬೆಲೆ ಕಟ್ಟದೆ ರೂಢಿಯಾದ ಸಮಾಜಕ್ಕೆ ಊರಿನಲ್ಲಿ ಮಾಡುವ ದುಡಿಮೆಯೂ ಅದರ ಮುಂದುವರಿಕೆಯೆಂದೇ ತೋರುತ್ತದೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಉದಾಹರಿಸುವವರಿದ್ದಾರೆ. ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದ ಮಹಾತಾಯಿ ಆಕೆ. ಆದರೆ ಕಥೆಯನ್ನು ಪೂರ್ತಿಯಾಗಿ ನೋಡಬೇಕು. ಬೇಡವೆಂದವಳು ಪಡೆಯುವವಳು, ಅದೂ ತನ್ನ ಮನೆಯೊಳಗೆ, ತನ್ನ ಗಂಡನಿಗೆ. ಇಷ್ಟೇ ಸಾಕೆಂದು ಮಹಾಮನೆಯವರು ಆಕೆಗೆ ಬೋಧಿಸಲಿಲ್ಲ. ಸಾಕೆನ್ನುವ ಅಧಿಕಾರವನ್ನು ಕೊಡುವವರೇ ವಹಿಸಿಕೊಂಡರೆ ಅದು ಕಾಯಕತತ್ತ್ವವಾಗದು. ಕೂಲಿ ಉಳಿಸುವ ಉಪಾಯವಷ್ಟೇ ಆದೀತು.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿಯನ್ನಿತ್ತು ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಕುಳಿತ ಮೇಲೆ, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ದೊರೆಯಿತು. ಅವರ ಬಹುದಿನಗಳ ಅಹವಾಲುಗಳಲ್ಲಿ ಇನ್ನೊಂದು ಹೊರಗಿನವರಿಗೆ ಚಿಕ್ಕದಾಗಿ ಕಂಡೀತು: ಆಕೆ ಮಾಡಿದ ಕೆಲಸವನ್ನು ಬೇರೊಬ್ಬರು ಗಣಕಯಂತ್ರದಲ್ಲಿ ದಾಖಲಿಸಬೇಕು, ದಾಖಲಾಗದಿದ್ದರೆ ಹಣವಿಲ್ಲ. ನಲವತ್ತೆರಡನೆಯ ದಿನ ಆಕೆ ತೂಗಿದ ಕೂಸು ತೊಟ್ಟಿಲಲ್ಲಿ ಕೈಕಾಲಾಡಿಸುತ್ತಿರುತ್ತದೆ, ಆದರೆ ಆ ಭೇಟಿ ಲೆಕ್ಕದಲ್ಲಿ ಇರುವುದಿಲ್ಲ.