ತಟ್ಟೆಯ ಹೂವು ಯಾರ ಕೈಗೆ?




ಹೋದ ಸೆಪ್ಟೆಂಬರ್ 5ರಂದು ನಮ್ಮ ಶಾಲೆಯ ಎಂಟನೇ ತರಗತಿ ಮಕ್ಕಳು ಶಿಕ್ಷಕರಿಗೆಲ್ಲ ಗುಲಾಬಿ ಕೊಟ್ಟರು. ಅದಕ್ಕೂ ಮುಂಚೆ ಅವರಲ್ಲಿ ದೊಡ್ಡ ಚರ್ಚೆ ನಡೆದಿತ್ತಂತೆ. ಕೆಂಪು ಎಂದರೆ ಪ್ರೇಮ, ಅದು ಮೇಡಂಗೆ ಬೇಡ. ಬಿಳಿ ಎಂದರೆ ಶಾಂತಿ, ಹಳದಿ ಎಂದರೆ ಸ್ನೇಹ ಎಂದು ಒಬ್ಬ ಹುಡುಗ ಮೊಬೈಲಿನಲ್ಲಿ ಹುಡುಕಿ ಹೇಳಿದ್ದ. ನನಗೆ ಹಳದಿ ಬಂತು. 19ನೇ ಶತಮಾನದ ಯುರೋಪಿನಲ್ಲಿ ಹೂವಿನ ಅರ್ಥ ಹೇಳುವ ಪುಸ್ತಕಗಳೇ ಅಚ್ಚಾಗುತ್ತಿದ್ದವು. ಅವುಗಳಲ್ಲಿ ಹಳದಿ ಗುಲಾಬಿ ಅಸೂಯೆಯ ಗುರುತು! ಅದೇ ಹೂವು, ಅದೇ ಬಣ್ಣ, ಈಗ ಸ್ನೇಹವಾಗಿದೆ. ಅರ್ಥ ಹೂವಿನೊಳಗೆ ಇರುವುದಿಲ್ಲ, ನಾವು ಇಡುತ್ತೇವೆ, ನಾವೇ ಬದಲಾಯಿಸುತ್ತೇವೆ.

ನಮ್ಮ ಕಡೆ ಇದಕ್ಕೆ ಪುಸ್ತಕ ಬೇಕಿಲ್ಲ. ಹುಡುಗಿಗೆ ಹೂ ಮುಡಿಸಿದರು ಎಂದರೆ ಸಂಬಂಧ ಗಟ್ಟಿಯಾಯಿತು ಎಂದು ಊರಿಗೆಲ್ಲ ತಿಳಿಯುತ್ತದೆ. ಅರಿಸಿನ ಕುಂಕುಮದ ಜೊತೆ ಹೂ ಕೊಟ್ಟರೆ ಅವಳು ಮುತ್ತೈದೆ. ಎಂ.ಎ. ಓದುವಾಗ ತಿಳಿದ ಒಂದು ಸಂಗತಿ ಇವತ್ತಿಗೂ ಚುಚ್ಚುತ್ತದೆ. ಮುತ್ತೈದೆ ಎಂಬ ಮಾತಿನೊಳಗಿನ 'ಐದೆ' ಸಂಸ್ಕೃತದ 'ಅವಿಧವಾ' ಎಂಬುದರ ತದ್ಭವ. ಅಂದರೆ ವಿಧವೆಯಲ್ಲದವಳು. ಆ ಹೆಣ್ಣಿನ ಗುಣ ಏನು, ನಡತೆ ಏನು ಎಂಬ ಮಾತೇ ಅದರಲ್ಲಿಲ್ಲ. ಇನ್ನೊಬ್ಬಳು ಏನಾಗಿದ್ದಾಳೋ ಅದು ಇವಳಲ್ಲ, ಅಷ್ಟೇ.

ಎರಡು ವರ್ಷದ ಹಿಂದೆ ನಮ್ಮ ನೆಂಟರ ಮದುವೆಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಬೌದ್ಧ ಪದ್ಧತಿಯ ಮದುವೆ. ವೇದಿಕೆ ಮೇಲೆ ಭಗವಾನ್ ಬುದ್ಧರ, ಬಾಬಾಸಾಹೇಬರ ಚಿತ್ರಗಳು, ತ್ರಿಸರಣ, ಪಂಚಶೀಲ, ಎಲ್ಲ ಸರಿಯಾಗಿತ್ತು. ಪುರೋಹಿತರಿಲ್ಲ, ಮುಹೂರ್ತವಿಲ್ಲ. ಬಾಗಿಲಲ್ಲಿ ಒಬ್ಬ ಹುಡುಗಿ ಮಲ್ಲಿಗೆಯ ತಟ್ಟೆ ಹಿಡಿದು ನಿಂತಿದ್ದಳು. ನನಗೆ ಒಂದು ಗೇಣು ಹೂ ಕೊಟ್ಟಳು. ಪಕ್ಕದಲ್ಲಿದ್ದ ಅವ್ವನ ಬರಿ ಹಣೆ ನೋಡಿದಳು, ತಟ್ಟೆಯನ್ನು ಹಿಂದಿದ್ದವರ ಕಡೆ ತಿರುಗಿಸಿದಳು.

ಆ ಹುಡುಗಿಯದು ತಪ್ಪೆನ್ನಲಾರೆ. ಮನೆಯಲ್ಲಿ ನೋಡಿದ್ದನ್ನು ಮಾಡಿದಳು. ತಟ್ಟೆ ಹತ್ತಿರ ಬರುವ ಮುಂಚೆಯೇ ಅವ್ವ ಅರ್ಧ ಹೆಜ್ಜೆ ಹಿಂದೆ ಸರಿದಿದ್ದಳು, ಅದು ನನಗೆ ಹೆಚ್ಚು ನೋವಾಯಿತು. ನಾನೇನು ಮಾಡಿದೆ? ನನ್ನ ಪಾಲಿನ ಹೂ ಮುಡಿದುಕೊಂಡು ಒಳಗೆ ಹೋಗಿ ಕುಳಿತೆ. ಇದನ್ನು ಬರೆಯಲು ಎರಡು ವರ್ಷ ಬೇಕಾಯಿತು.

ಪ್ರತಿ ಭಾನುವಾರ ವಂದನೆಯಲ್ಲಿ ಹೂವು ಅರ್ಪಿಸುವಾಗ ನಾವು ಪಾಲಿಯಲ್ಲಿ ಹೇಳುವ ಮಾತಿನ ಅರ್ಥ ಎಲ್ಲರಿಗೂ ಗೊತ್ತು: ಈ ಹೂವು ಬಾಡುವ ಹಾಗೆಯೇ ಈ ದೇಹವೂ ನಾಶದ ಕಡೆಗೆ ನಡೆದಿದೆ. ನಮ್ಮಲ್ಲಿ ಹೂವು ಸೌಭಾಗ್ಯದ ಗುರುತಲ್ಲ, ಅನಿತ್ಯದ ಗುರುತು. ಹಾಗಿದ್ದರೆ ಒಮ್ಮೆ ಯೋಚಿಸಿ. ಆ ಸಭೆಯಲ್ಲಿ ಅನಿತ್ಯವನ್ನು ಪುಸ್ತಕದಿಂದಲ್ಲದೆ ಬದುಕಿನಿಂದ ಬಲ್ಲವರು ಯಾರು? ಮೂವತ್ತು ವರ್ಷ ಜೊತೆಗಿದ್ದವನನ್ನು ಮಣ್ಣು ಮಾಡಿ ಬಂದವಳಲ್ಲವೇ? ಹೂವು ಮೊದಲು ಅವಳ ಕೈಗೆ ಹೋಗಬೇಕಿತ್ತು. ಬುದ್ಧರ ಮುಂದೆ ಅದನ್ನು ಅನಿತ್ಯ ಎನ್ನುತ್ತೇವೆ, ಬಾಗಿಲಿಗೆ ಬಂದು ಅದನ್ನೇ ಮುತ್ತೈದೆತನ ಎನ್ನುತ್ತೇವೆ.

ಒಬ್ಬ ಹಿರಿಯರು ಹೇಳಿದರು: ಉಪೋಸಥದಂದು ಅಷ್ಟಶೀಲ ತೆಗೆದುಕೊಂಡವರು ಹೂಮಾಲೆ, ಸುಗಂಧ ಬಿಡುತ್ತಾರಲ್ಲ, ಹೂ ಇಲ್ಲದಿದ್ದರೆ ಏನು ನಷ್ಟ? ಮಾತು ನಿಜ. ಆದರೆ ಆ ಶೀಲವನ್ನು ಗಂಡಸೂ ಹೆಂಗಸೂ ತಾವಾಗಿಯೇ ತೆಗೆದುಕೊಳ್ಳುತ್ತಾರೆ. ತಾನಾಗಿ ಬಿಡುವುದು ತ್ಯಾಗ. ಇನ್ನೊಬ್ಬರು ತಲೆಯಿಂದ ಕಿತ್ತುಕೊಳ್ಳುವುದಕ್ಕೆ ಬೇರೆ ಹೆಸರಿದೆ, ಅದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು.

ಥೇರಗಾಥೆಯಲ್ಲಿ ಸುನೀತ ಥೇರರು ತಮ್ಮ ಹಿಂದಿನ ಕಸುಬು ಯಾವುದೆಂದು ಹೇಳಿಕೊಳ್ಳುತ್ತಾರೆ. ಬಾಡಿದ ಹೂವುಗಳನ್ನು ಎತ್ತಿ ಎಸೆಯುವ ಕೆಲಸ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ರಾಜಗೃಹದ ಈ ಜಾಡಮಾಲಿಯ ಕಥೆಯನ್ನು ಸೇರಿಸಿದ್ದಾರೆ. ದಾರಿಯಲ್ಲಿ ಬುದ್ಧರು ಬರುವುದನ್ನು ಕಂಡು ಸುನೀತ ಗೋಡೆಗೆ ಅಂಟಿಕೊಂಡು ಕೈಮುಗಿದು ನಿಂತ. ಬುದ್ಧರು ದಾಟಿ ಹೋಗಲಿಲ್ಲ, ಅವನ ಬಳಿಗೇ ಬಂದರು. ಅವ್ವನ ಆ ಅರ್ಧ ಹೆಜ್ಜೆ ನೆನೆದಾಗಲೆಲ್ಲ ನನಗೆ ಈ ಗೋಡೆ ಕಣ್ಣಮುಂದೆ ಬರುತ್ತದೆ. ಅರಳಿದ ಹೂವು ಮಂಗಳ, ಬಾಡಿದ್ದನ್ನು ಮುಟ್ಟುವವನು ಕೀಳು ಎಂದ ಮನಸ್ಸೇ ಗಂಡ ಸತ್ತವಳನ್ನೂ ಅಮಂಗಳ ಎಂದಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಹೂವಿನ ಮಾತಿಲ್ಲ, ನಿಜ. ಎಲ್ಲ ಮನುಷ್ಯರೂ ಸಮಾನರು ಎಂಬ ಮಾತಿದೆ. ಮಲ್ಲಿಗೆಯ ತಟ್ಟೆಯನ್ನೂ ಬಾಬಾಸಾಹೇಬರೇ ಬಂದು ಬಿಡಿಸಿ ಹೇಳಬೇಕಿತ್ತೇ?

ಈ ಸಲದ ಬುದ್ಧ ಪೂರ್ಣಿಮೆಯಂದು ವಿಹಾರದ ಬಾಗಿಲಲ್ಲಿ ನಾನೇ ತಟ್ಟೆ ಹಿಡಿದು ನಿಂತೆ. ಬಂದ ಗಂಡಸರಿಗೂ ಕೊಟ್ಟೆ, ಕೆಲವರು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. ಅವ್ವ ಬಂದಾಗ ಅವಳ ಅಂಗೈ ಬಿಡಿಸಿ ಹೂ ಇಟ್ಟೆ. ಅವಳು ಸುತ್ತ ನೋಡಿದಳು. ಮುಡಿಯಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಹೋದಳು. ಮುಡಿ ಎಂದು ನಾನೂ ಒತ್ತಾಯಿಸಲಿಲ್ಲ, ಅದು ಅವಳಿಗೆ ಬಿಟ್ಟದ್ದು. ರಾತ್ರಿ ನೋಡಿದರೆ ದಿಂಬಿನ ಪಕ್ಕದಲ್ಲಿತ್ತು.

ಬರುವ ಭಾನುವಾರ ವಿಹಾರಕ್ಕೆ ಹೂ ತರುವ ಸರದಿ ನಮ್ಮ ಮನೆಯದು. ಅವ್ವ ಕಟ್ಟುತ್ತಾಳೆ.

ಜೈ ಭೀಮ್.