ಹತ್ತು ಲಕ್ಷದ ಸೈಕಲ್

ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳಿತು ಹುಡುಗನೊಬ್ಬ ಮೊಬೈಲಿನಲ್ಲಿ ಪೋಕೆಮಾನ್ ಆಡುತ್ತಿದ್ದ. 1996ರಲ್ಲಿ ಜಪಾನಿನಲ್ಲಿ ಹುಟ್ಟಿದ ಸರಣಿಯ ಮೊದಲ ಆಟ. ಪ್ರಾಣಿಗಳನ್ನು ಹಿಡಿದು ಕಾದಾಡಿಸುವುದು. ಗೆದ್ದರೆ ಹಣ, ಸೋತರೆ ಅರ್ಧ ಮಾಯ. “ಈ ಸುಳ್ಳು ದುಡ್ಡಿನಿಂದ ಏನು ಬಂತಪ್ಪಾ?” ಎಂದೆ.

ಅವನು ಹೇಳಿದ್ದು ಕೇಳಿ. ಆಟದಲ್ಲಿ ಸೈಕಲ್ಲಿನ ಬೆಲೆ 10,00,000. ಕೂಡಿಡಬಹುದಾದದ್ದು 9,99,999 ಮಾತ್ರ! ಎಷ್ಟು ದುಡಿದರೂ ಕೊಳ್ಳಲಾಗದು. ಆದರೆ ಬೇರೊಂದು ಊರಿನ ಹಿರಿಯನೊಬ್ಬ ತನ್ನ ಮುದ್ದಿನ ಪ್ರಾಣಿಯನ್ನು ಹೊಗಳುವುದನ್ನು ಪೂರ್ತಿ ಕೇಳಿದರೆ ಚೀಟಿ ಕೊಡುತ್ತಾನೆ. ಅದನ್ನು ಅಂಗಡಿಯಲ್ಲಿ ತೋರಿಸಿದರೆ ಸೈಕಲ್ ಪುಕ್ಕಟೆ.

ಇದು ಕೂಲಿಯೋ, ವರಪ್ರಸಾದವೋ? ವರಪ್ರಸಾದವನ್ನು ದುಡಿದು ಪಡೆಯಲಾಗದೆಂದು ಸೆಮಿನರಿಯಲ್ಲಿ ಓದಿದವನು ನಾನು, ಹಿಗ್ಗಿದೆ. ಆದರೆ ಚೀಟಿಯ ಆಸೆಗೆ ಕಿವಿಗೊಟ್ಟರೆ ಅದೂ ವ್ಯಾಪಾರವೇ ಅಲ್ಲವೇ? ಮನೆಯ ಅಜ್ಜನ ಮಾತಿಗೆ ಯಾವ ಚೀಟಿಯೂ ಸಿಗುವುದಿಲ್ಲ.

“ಆ ತಾತ ಏನು ಹೇಳಿದ?” ಎಂದೆ.

“ಓದಲಿಲ್ಲ ಫಾದರ್, ಬಟನ್ ಒತ್ತುತ್ತಾ ಹೋದೆ.”